ಬೀಟೆಯ ನೆರಳು, ಗಿಟಾರಿನ ದಂಡಿ

ಚಿಕ್ಕಮಗಳೂರಿನಿಂದ ಕೈಮರದ ಮೂಲಕ ಬಾಬಾಬುಡನ್‌ಗಿರಿಗೆ ಸುಮಾರು 30 ಕಿಲೊಮೀಟರುಗಳ ಏರುದಾರಿ. ಊರ ಗಡಿ ದಾಟುತ್ತಿದ್ದಂತೆ ಬಿಸಿಲು ಹಿಂದೆ ಸರಿದು, ರಸ್ತೆಯ ಇಕ್ಕೆಲಗಳಲ್ಲಿಯೂ ಕಾಫಿ ತೋಟಗಳ ತಂಪು ಆವರಿಸಿಕೊಳ್ಳುತ್ತದೆ. ತಿರುವಿನ ಮೇಲೆ ತಿರುವು ಕಳೆದು ಮೇಲೇರಿದರೆ ತೋಟಗಳು ಮುಗಿದು, ಕಣಿವೆಗಳಲ್ಲಿ ಶೋಲಾ ಕಾಡು, ಬೆಟ್ಟದ ಬೆನ್ನ ಮೇಲೆ ಹುಲ್ಲುಗಾವಲು, ಗಾಳಿ, ಮಂಜು. ಅರ್ಧಚಂದ್ರನಂತೆ ಬಾಗಿ ನಿಂತಿರುವ ಈ ಶ್ರೇಣಿಗೆ ಚಂದ್ರದ್ರೋಣ ಪರ್ವತವೆಂದು ಹೆಸರು. ಕರ್ನಾಟಕದ ಅತ್ಯುನ್ನತ ಶಿಖರವಾದ 1,930 ಮೀಟರಿನ ಮುಳ್ಳಯ್ಯನಗಿರಿಯೂ ಇಲ್ಲಿಯದೇ.

17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಯೆಮೆನ್ ದೇಶದ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿ ಮನೆಮನೆಗೂ ತಿಳಿದದ್ದೇ. ಗಿರಿಗೆ ಬಂದವರೆಲ್ಲರೂ ಕಾಫಿ ಗಿಡವನ್ನು ಮರೆಯದೆ ನೋಡುತ್ತಾರೆ. ಅದಕ್ಕೆ ನೆರಳು ಕೊಡುವ ಮರದತ್ತ ತಲೆಯೆತ್ತಿ ನೋಡುವವರು ವಿರಳ. ನಮ್ಮ ಮಲೆನಾಡಿನ ಕಾಫಿ ನೆರಳಿನ ಬೆಳೆ. ಹಲಸು, ಅತ್ತಿ, ಮತ್ತಿ, ನಂದಿ, ಹಾಲುವಾಣಗಳ ಕೆಳಗೆ ಅದು ಹಣ್ಣಾಗುತ್ತದೆ. 1860ರ ದಶಕದಲ್ಲಿ ಮರಗಳನ್ನು ಕಡಿದು ಬಿಸಿಲಿಗೆ ತೆರೆದ ತೋಟಗಳು ಕಾಂಡಕೊರಕ ಹುಳುವಿಗೆ ತುತ್ತಾಗಿ ಹಾಳಾದವು. ಮಂಜರಾಬಾದ್ ಸೀಮೆಯ ಬ್ರಿಟಿಷ್ ತೋಟಗಾರ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೆರಳಿನ ಮರಗಳನ್ನು ಕುರಿತು ದೀರ್ಘವಾಗಿ ಬರೆದಿರುವುದು ಈ ಪಾಠದ ಫಲ.

ಆ ನೆರಳಿನ ಮರಗಳಲ್ಲಿ ಬೀಟೆಗೆ ವಿಶೇಷ ಸ್ಥಾನ. ಶಿಖರದ ಗಾಳಿ ಮಂಜುಗಳಲ್ಲಿ ಬೆಳೆಯುವ ಮರ ಇದಲ್ಲ. ಇದರ ನೆಲೆ ಕೆಳಗಿನ ಇಳಿಜಾರುಗಳು. ದುಂಡನೆಯ ಕಿರುಎಲೆಗಳು, ತೆಳುವಾದ ಚಪ್ಪಟೆ ಕಾಯಿಗಳು, ಬೂದು ಬಣ್ಣದ ತೊಗಟೆ, ನೋಡುವುದಕ್ಕೆ ಸಾಧಾರಣವೇ. ಆದರೆ ಹೊರಗಿನ ಬಿಳಿಯ ಪದರವನ್ನು ಕಳೆದು ಒಳಗಿನ ಕೆಚ್ಚನ್ನು ತಲುಪಿದ ಗರಗಸ ತೋರಿಸುವ ಬಣ್ಣವೇ ಬೇರೆ: ಹೊಂಗಂದಿನಿಂದ ನೇರಳೆಯವರೆಗೆ, ನಡುನಡುವೆ ಕಪ್ಪು ಗೆರೆಗಳು, ಕೊಯ್ದಾಗ ಹೊಮ್ಮುವ ಸಿಹಿಯಾದ ಪರಿಮಳ. ಒಣಗಿದ ಮರವೂ ಘನಮೀಟರಿಗೆ ಸುಮಾರು 800 ಕಿಲೊಗ್ರಾಂ ತೂಗುತ್ತದೆ. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ದಂತದ ಕುಸುರಿಯ ಬಾಗಿಲಾದದ್ದು, ಮೈಸೂರಿನ ಕುಶಲಕರ್ಮಿಗಳ ಕೆತ್ತು ಕೂಡಿಸುವ ಚಿತ್ರಗಳಿಗೆ ಹಿನ್ನೆಲೆಯಾದದ್ದು ಈ ಬೀಟೆಯೇ.

ಇದೇ ಜಾತಿಯ ಮರ ಕಳೆದ ಅರವತ್ತು ವರ್ಷಗಳಿಂದ ಮತ್ತೊಂದು ಅನಿರೀಕ್ಷಿತ ಸ್ಥಾನವನ್ನೂ ಪಡೆದಿದೆ. ಅಮೆರಿಕದ ಬೆಲೆಬಾಳುವ ವಿದ್ಯುತ್ ಗಿಟಾರುಗಳ ದಂಡಿಯ ಮೇಲೆ, ವಾದಕನ ಎಡಗೈ ಬೆರಳುಗಳು ಹಗಲಿರುಳು ಓಡಾಡುವ ಹಲಗೆ ಬಹುಮಟ್ಟಿಗೆ ಭಾರತದ ಬೀಟೆ. ವ್ಯಾಪಾರಿಗಳು ಅದನ್ನು ಇಂಡಿಯನ್ ರೋಸ್‌ವುಡ್ ಎನ್ನುತ್ತಾರೆ. ಪಶ್ಚಿಮ ಘಟ್ಟಗಳು ಅದರ ಮುಖ್ಯ ತವರು. ಚಂದ್ರದ್ರೋಣದ ತಪ್ಪಲು ಆ ತವರಿನ ಒಂದು ಅಂಗಳ.

ವೀಣೆಯನ್ನು ಬಲ್ಲ ಮನೆಗಳಿಗೆ ಗಿಟಾರಿನ ರಚನೆಯನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿಯೂ ದಂಡಿಯಿದೆ, ಮೆಟ್ಟಿಲುಗಳಿವೆ, ಬಿರಡೆಗಳಿವೆ, ತಂತಿಯನ್ನು ಹೊರುವ ಕುದುರೆಯಿದೆ. ವ್ಯತ್ಯಾಸವೆಂದರೆ, ವೀಣೆಯ ಹಲಸಿನ ಕೊಡವು ಟೊಳ್ಳಾಗಿದ್ದು ನಾದವನ್ನು ತುಂಬಿಕೊಡುತ್ತದೆ. ವಿದ್ಯುತ್ ಗಿಟಾರಿನ ಒಡಲು ಸಾಮಾನ್ಯವಾಗಿ ಗಟ್ಟಿ ಮರದ ದಿಮ್ಮಿ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತವನ್ನೂ ತಾಮ್ರದ ಸುರುಳಿಯನ್ನೂ ಇಟ್ಟು, ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಾರೆ. ಹಲಗೆಯ ಮರದಿಂದ ನಾದ ಎಷ್ಟು ಬದಲಾಗುತ್ತದೆ ಎಂಬ ವಾದ ವಾದಕರಲ್ಲಿ ಇನ್ನೂ ಮುಗಿದಿಲ್ಲ. ಬೆರಳಿಗಾಗುವ ಅನುಭವದ ವಿಷಯದಲ್ಲಿ ಮಾತ್ರ ವಾದವಿಲ್ಲ.

1950ರಲ್ಲಿ ಕ್ಯಾಲಿಫೋರ್ನಿಯದ ಫೆಂಡರ್ ಕಂಪನಿಯು ಗಟ್ಟಿ ಒಡಲಿನ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಅದರ ದಂಡಿ ಪೂರ್ತಿ ಮೇಪಲ್ ಮರದ್ದು. ಆ ಬಿಳಿಯ ಮರದ ಮೇಲಿನ ಮೆರುಗೆಣ್ಣೆಯು ಬೆರಳಿನ ಉಜ್ಜುವಿಕೆಗೆ ಸವೆದು, ಬೆವರಿನಿಂದ ಕಪ್ಪುಗಟ್ಟುತ್ತಿತ್ತು. ಆದ್ದರಿಂದ 1958ರಿಂದ ಮೇಪಲ್ ದಂಡಿಯ ಮೇಲೆ ರೋಸ್‌ವುಡ್ ಹಲಗೆಯನ್ನು ಅಂಟಿಸುವ ಪದ್ಧತಿ ಬಂತು. ಸ್ವತಃ ಎಣ್ಣೆಯ ಅಂಶವುಳ್ಳ ಈ ಮರಕ್ಕೆ ಮೆರುಗೆಣ್ಣೆ ಬೇಡ. ಬೆರಳು ನೇರವಾಗಿ ಮರವನ್ನೇ ಮುಟ್ಟುತ್ತದೆ. ಮೊದಲು ಬ್ರೆಜಿಲ್ ದೇಶದ ಮರ. 1960ರ ದಶಕದ ನಡುವಿನಿಂದ ಭಾರತದ್ದು.

ಇಂದು ಹೆಸರಾದ ಮೂರು ಮನೆತನಗಳ ಗಿಟಾರುಗಳನ್ನು ಒಂದರ ಪಕ್ಕದಲ್ಲಿ ಒಂದಿರಿಸಿ ನೋಡಿದರೆ ಮೂರು ಸ್ವಭಾವಗಳು ಕಾಣುತ್ತವೆ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನಲ್ಲಿ ದಂಡಿಯನ್ನು ಒಡಲಿಗೆ ತಿರುಪು ಮೊಳೆಗಳಿಂದ ಬಿಗಿದಿರುತ್ತಾರೆ. ಕೆಟ್ಟರೆ ಬಿಚ್ಚಿ ಬದಲಾಯಿಸಬಹುದು. ತಂತಿಯ ಉದ್ದ 25½ ಅಂಗುಲ. ಆದ್ದರಿಂದ ಬಿಗುವು ಹೆಚ್ಚು, ಮೀಟಿದೊಡನೆ ಚುರುಕಾದ ಉತ್ತರ. ಒಡಲಿನ ಅಂಚುಗಳನ್ನು ಮೈಗೆ ಒಗ್ಗುವಂತೆ ಬಾಗಿಸಿದ್ದಾರೆ. 1952ರ ಗಿಬ್ಸನ್ ಲೆಸ್ ಪಾಲ್ ಹಳೆಯ ಕಾಲದ ಬಡಗಿಯ ಮನೋಧರ್ಮದ್ದು. ಮಹಾಗನಿಯ ಒಡಲು, ಅದರ ಮೇಲೆ ಮೇಪಲ್ ಹೊದಿಕೆ, ಅಂಟಿನಿಂದ ಬೆಸೆದ ದಂಡಿ. ತಂತಿ ಸುಮಾರು 24¾ ಅಂಗುಲವಾದ್ದರಿಂದ ಬೆರಳಿಗೆ ಮೃದು. ಆದರೆ 4 ಕಿಲೊಗ್ರಾಮಿನಷ್ಟು ಭಾರ ಹೆಗಲಿಗೆ ತಿಳಿಯದೆ ಇರದು. ಹಿಂದಕ್ಕೆ ಬಾಗಿದ ಅದರ ತಲೆಯ ಭಾಗವು ಕೆಳಗೆ ಬಿದ್ದಾಗ ಮುರಿಯುವುದೂ ಪ್ರಸಿದ್ಧ. 1985ರಲ್ಲಿ ಪಾಲ್ ರೀಡ್ ಸ್ಮಿತ್ ಆರಂಭಿಸಿದ ಕಾರ್ಖಾನೆಯ ಗಿಟಾರುಗಳು ಇವೆರಡರ ನಡುವೆ ದಾರಿ ಹುಡುಕಿದವು: ತಂತಿ 25 ಅಂಗುಲ, ದಂಡಿ ಅಂಟಿಸಿದ್ದು. ಅವುಗಳಲ್ಲಿ ಹೆಸರಾಂತ ಮಾದರಿಗೆ ಮೆಟ್ಟಿಲುಗಳು 24. ನಮ್ಮ ವೀಣೆಗೂ ಅಷ್ಟೇ. ಒಂದೊಂದು ತಂತಿಯಲ್ಲಿಯೂ ಎರಡು ಸ್ಥಾಯಿಗಳು ದೊರೆಯುವಂತೆ ಎರಡು ಖಂಡಗಳ ಕುಶಲಿಗಳೂ ಒಂದೇ ಲೆಕ್ಕಕ್ಕೆ ಬಂದಿದ್ದಾರೆ.

ಹಲಗೆಯ ಮೇಲ್ಮೈ ಕೂಡ ಒಂದೇ ತೆರನಾಗಿಲ್ಲ. ಹಳೆಯ ಫೆಂಡರಿನಲ್ಲಿ ಅದು 7¼ ಅಂಗುಲ ತ್ರಿಜ್ಯದ ವೃತ್ತದ ತುಣುಕಿನಂತೆ ಉಬ್ಬಿದ್ದು, ಹಲವು ತಂತಿಗಳನ್ನು ಒಟ್ಟಿಗೆ ಅದುಮಿ ಹಿಡಿಯುವ ಕೈಗೆ ಹಿತ. ಗಿಬ್ಸನ್ನಿನಲ್ಲಿ ತ್ರಿಜ್ಯ 12 ಅಂಗುಲ. ಹೆಚ್ಚು ಸಪಾಟಾದ್ದರಿಂದ ತಂತಿಯನ್ನು ಎಳೆದು ಗಮಕ ತೆಗೆಯುವ ಬೆರಳಿಗೆ ಅನುಕೂಲ. ಯಾವುದು ಮೇಲು ಎಂಬುದನ್ನು ಕೈಯೇ ನಿರ್ಣಯಿಸಬೇಕು.

ಆದರೆ ಕೆಲಸದ ಗಟ್ಟಿತನಕ್ಕೆ ಎಲ್ಲರೂ ಒಪ್ಪುವ ಪರೀಕ್ಷೆಗಳಿವೆ. ಕೊಳ್ಳುವವನು ದಂಡಿಯ ಅಂಚಿನ ಉದ್ದಕ್ಕೂ ಬೆರಳನ್ನು ಸವರಿ ನೋಡಬೇಕು. ಹಲಗೆಯ ಮರ ಸರಿಯಾಗಿ ಒಣಗದಿದ್ದರೆ ಬೇಸಗೆಯಲ್ಲಿ ಅದು ಕುಗ್ಗುತ್ತದೆ. ಲೋಹದ ಮೆಟ್ಟಿಲು ಕುಗ್ಗದು. ಮೆಟ್ಟಿಲಿನ ತುದಿಗಳು ಆಗ ಹೊರಚಾಚಿ ಗರಗಸದಂತೆ ತಾಗುತ್ತವೆ. ದಂಡಿ ಒಡಲನ್ನು ಸೇರುವಲ್ಲಿ ಸಂದಿಯಿರಕೂಡದು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ತಂತಿಯನ್ನೊತ್ತಿ ಮೀಟಿದಾಗ ಕರಕರ ಸದ್ದು ಬರಬಾರದು. ಮುಂಗಾರಿನಲ್ಲಿ ಬಾಗಿಲುಗಳೆಲ್ಲ ಉಬ್ಬಿಕೊಂಡು ಮುಚ್ಚಲಾಗದ ಮೂಡಿಗೆರೆ, ಕಳಸಗಳ ಮನೆಯವರಿಗೆ ಮರದ ಈ ಗುಣವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಿಧಾನವಾಗಿ ಬೆಳೆದು, ನಿಧಾನವಾಗಿ ಒಣಗಿದ ಬೀಟೆ ಋತುಗಳ ಏರಿಳಿತಕ್ಕೆ ಸುಲಭವಾಗಿ ಜಗ್ಗದು. ಹೆಚ್ಚಿನ ಬೆಲೆ ತೆತ್ತವನು ಕೊಳ್ಳುವುದು ಬಹುಪಾಲು ಈ ತಾಳ್ಮೆಯನ್ನೇ.

ಮರವೇ ವಿರಳವಾಗುತ್ತಿರುವುದು ಈಗಿನ ಚಿಂತೆ. ಬ್ರೆಜಿಲ್ಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವನ್ನು 1992ರಲ್ಲಿ ನಿಷೇಧಿಸಲಾಯಿತು. ಭಾರ ನಮ್ಮ ಬೀಟೆಯ ಮೇಲೆ ಬಿತ್ತು. 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಕಾರ್ಖಾನೆಗಳನ್ನು ಶೋಧಿಸಿ ಭಾರತದಿಂದ ಬಂದ ಮರವನ್ನು ವಶಪಡಿಸಿಕೊಂಡರು. ದಪ್ಪವಾಗಿ ಸೀಳಿದ ಬೀಟೆಯ ರಫ್ತಿಗೆ ಭಾರತದ ನಿಯಮದಲ್ಲಿ ಅವಕಾಶವಿತ್ತೇ ಎಂಬುದೇ ವಿವಾದ. ಮರುವರ್ಷ, ಮಡಗಾಸ್ಕರಿನ ಎಬೊನಿ ಮರದ ಪ್ರಕರಣದೊಡನೆ ಇದೂ ಒಪ್ಪಂದದಲ್ಲಿ ಮುಗಿದು, ಕಂಪನಿ 3 ಲಕ್ಷ ಡಾಲರ್ ದಂಡ ತೆತ್ತಿತು. 2017ರ ಜನವರಿ 2ರಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳೂ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ಬಂದವು. ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ದೊರೆಯಿತು.

ತೋಟದ ಯಜಮಾನನ ಸಂಕಟ ಇನ್ನೊಂದು ಬಗೆಯದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ತನ್ನ ತೋಟದ ಬೀಟೆಯನ್ನಾದರೂ ಅನುಮತಿಯಿಲ್ಲದೆ ಆತ ಕಡಿಯುವಂತಿಲ್ಲ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರಕ್ಕೆ ಈ ಕಟ್ಟಳೆಯಿಲ್ಲ. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ನಿಂತು ಮೆಣಸಿನ ಬಳ್ಳಿಯನ್ನು ಹಬ್ಬಿಸಿಕೊಳ್ಳುತ್ತದೆ, ಬೇಕಾದಾಗ ಮಾರಾಟಕ್ಕೂ ಒದಗುತ್ತದೆ. ಮಕ್ಕಳ ಓದು, ಮದುವೆ, ಸಾಲಗಳ ನಡುವೆ ಬದುಕುವ ಸಣ್ಣ ಬೆಳೆಗಾರ ಅದನ್ನೇ ನೆಟ್ಟರೆ ತಪ್ಪೆನ್ನುವುದು ಹೇಗೆ? ರಕ್ಷಣೆಗೆಂದು ಮಾಡಿದ ನಿಯಮವೇ ಹೊಸ ಬೀಟೆಯನ್ನು ನೆಡುವ ಉತ್ಸಾಹವನ್ನು ಕುಗ್ಗಿಸುತ್ತದೆ. ಬೆಳೆಸಿದವನಿಗೆ ನ್ಯಾಯವಾದ ಬೆಲೆಯೂ, ಸುಲಭವಾದ ಅನುಮತಿಯೂ ದೊರೆಯುವಂತಾದರೆ ಮಾತ್ರ ಈ ಗಂಟು ಸಡಿಲವಾದೀತು.

ಗಿರಿಯಿಂದ ಇಳಿಯುವ ಪ್ರವಾಸಿಗಳು ಕಾಫಿಪುಡಿಯ ಪೊಟ್ಟಣಗಳೊಡನೆ ಊರಿಗೆ ಮರಳುತ್ತಾರೆ. ದಾರಿಯಲ್ಲಿ ಒಂದು ಕ್ಷಣ ನಿಂತು ಮೇಲೆ ನೋಡಿದರೆ, ಸಾಲು ಹಿಡಿದು ನಿಂತ ಸಿಲ್ವರ್ ಓಕುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಬೀಟೆ ಕಂಡೀತು. ನೆಟ್ಟವರಿಗೆ ಅದರ ಕೆಚ್ಚಿನ ಫಲ ದೊರೆಯುವುದಿಲ್ಲ, ಮೊಮ್ಮಕ್ಕಳಿಗೆ ದೊರೆತೀತು. ಅಲ್ಲಿಯವರೆಗೆ ಅದು ಕಾಫಿಗೆ ನೆರಳು ಕೊಟ್ಟುಕೊಂಡು, ವರ್ಷಕ್ಕೊಮ್ಮೆ ಎಲೆಯುದುರಿಸಿ ಗಿಡಗಳ ಬುಡಕ್ಕೆ ಗೊಬ್ಬರ ಹಾಕುತ್ತಿರುತ್ತದೆ.