ಘಾರಾಪುರಿಯಲ್ಲಿ ಒಂದು ದಿನ

ನಮ್ಮ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಊರು ಬಿಟ್ಟು ಹೊರಡುವುದೆಂದರೆ ಒಂದೋ ಮದುವೆ, ಇಲ್ಲವೇ ಜಾತ್ರೆ, ಅದೂ ಅಲ್ಲದಿದ್ದರೆ ಮಗಳ ಬಾಣಂತನ. ಕೂಡಲಸಂಗಮಕ್ಕೋ ಉಳವಿಗೋ ಶ್ರೀಶೈಲಕ್ಕೋ ಹೋಗುವಾಗಲೂ ಮುಂದೊಬ್ಬರು, ಹಿಂದೊಬ್ಬರು ಇದ್ದೇ ಇರುತ್ತಾರೆ. ಅರವತ್ತನಾಲ್ಕು ವರ್ಷ ನಾನೂ ಹಾಗೆಯೇ ತಿರುಗಾಡಿದವಳು. ಕಳೆದ ಮಾಘಮಾಸದಲ್ಲಿ ಮುಂಬಯಿಯ ಮಗನ ಮನೆಯಲ್ಲಿದ್ದಾಗ, ಜೀವನದಲ್ಲಿ ಮೊದಲ ಬಾರಿಗೆ ಒಬ್ಬಳೇ ಪ್ರವಾಸ ಹೊರಟೆ. ಹೋದದ್ದು ಬಹು ದೂರವೇನೂ ಅಲ್ಲ. ಮುಂಬಯಿಯ ದಂಡೆಯಿಂದ ಸುಮಾರು 10 ಕಿಲೋಮೀಟರು ದೂರದಲ್ಲಿ, ಸಮುದ್ರದ ನಡುವೆ ಇರುವ ಘಾರಾಪುರಿಗೆ. ಜಗತ್ತು ಅದನ್ನು ಎಲಿಫಂಟಾ ಎಂದು ಕರೆಯುತ್ತದೆ.

ಈ ಹಂಬಲ ನನ್ನದಾಗಿರಲಿಲ್ಲ, ನಮ್ಮ ಮನೆಯವರದು. ಅವರು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರರಾಗಿದ್ದರು. ಹಳೆಯ ಕ್ಯಾಲೆಂಡರಿನ ಚಿತ್ರವೊಂದನ್ನು ನೋಡಿ ಅವರು ಪೆನ್ಸಿಲಿನಲ್ಲಿ ತೆಗೆದ ಎಲಿಫಂಟಾದ ತ್ರಿಮೂರ್ತಿ ನಮ್ಮ ಪಡಸಾಲೆಯ ಗೋಡೆಯ ಮೇಲಿತ್ತು. "ಒಮ್ಮೆ ಹೋಗಿ ಕಣ್ಣಾರೆ ನೋಡಬೇಕು" ಎಂದು ವರ್ಷಕ್ಕೊಮ್ಮೆಯಾದರೂ ಅನ್ನುತ್ತಿದ್ದರು. "ಕೊರಳಾಗ ಲಿಂಗ ಐತಿ, ಕಲ್ಲಿನ ಗುಡಿ ಯಾಕ ಬೇಕು?" ಎಂದು ನಾನು ಕೆಣಕುತ್ತಿದ್ದೆ. "ದೇವರನ್ನ ನೋಡಲಿಕ್ಕಲ್ಲ, ಕಾಯಕ ನೋಡಲಿಕ್ಕೆ ಹೋಗೋಣು" ಎಂಬುದು ಅವರ ಉತ್ತರ. ಸಂಸಾರದ ತಾಪತ್ರಯದಲ್ಲಿ ಆ ಪ್ರಯಾಣ ಮುಂದೆ ಮುಂದೆ ಹೋಯಿತು. ಮೂರು ವರ್ಷದ ಹಿಂದೆ ಅವರು ಲಿಂಗೈಕ್ಯರಾದರು. ಊರಿನ ಮನೆಗೆ ಬೀಗ ಹಾಕಿ ಮಗನಲ್ಲಿಗೆ ಬರುವಾಗ ಆ ಚಿತ್ರವನ್ನು ಸೀರೆಗಳ ನಡುವೆ ಇಟ್ಟು ತಂದಿದ್ದೆ.

"ಅವ್ವಾ, ರವಿವಾರದ ತನಕ ತಡಿ, ನಾನೂ ಬರ್ತೇನಿ" ಎಂದ ಮಗ. ಆದರೆ ಅವನ ರವಿವಾರಗಳೂ ಕಚೇರಿಯವೇ. ಸೊಸೆಗೆ ಬೇರೆ ಚಿಂತೆ. 2024ರ ಡಿಸೆಂಬರ್ 18ರಂದು ಇದೇ ಮಾರ್ಗದಲ್ಲಿ ನಡೆದ ದೋಣಿ ದುರಂತ ಅವಳ ಮನಸ್ಸಿನಿಂದ ಅಳಿದಿರಲಿಲ್ಲ. "ಅತ್ತಿ, ನೀರಿನ ಮ್ಯಾಲೆ ಒಬ್ಬರೇ ಹ್ಯಾಂಗ ಹೋಗ್ತೀರಿ?" ಎಂದಳು. ಹೇಗೆಂದು ನನಗೂ ತಿಳಿಯದು. ಆದರೂ ಒಂದು ಬುಧವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೇಬಿಟ್ಟೆ.

ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಿಂದ ದೋಣಿಗಳು ಬಿಡುತ್ತವೆ. ದೋಣಿಯವನು ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿಯನ್ನು ಕೊಟ್ಟು, "ಮಾವಶಿ, ಮೊದಲು ಇದನ್ನು ಹಾಕಿಕೊಳ್ಳಿ" ಎಂದು ಮರಾಠಿಯಲ್ಲಿ ಹೇಳಿದ. ಇಳಕಲ್ ಸೀರೆಯ ಮೇಲೆ ಅದನ್ನು ತೊಟ್ಟು ಕುಳಿತ ನನ್ನನ್ನು ನೋಡಿ ನನಗೇ ನಗು ಬಂತು. ದೋಣಿ ಹೊರಟೊಡನೆ ಬಿಳಿಯ ಕಡಲಹಕ್ಕಿಗಳು ಗುಂಪುಗುಂಪಾಗಿ ಹಿಂಬಾಲಿಸಿದವು. ಚಳಿಗಾಲವನ್ನು ಕಳೆಯಲು ಉತ್ತರದ ಶೀತದೇಶಗಳಿಂದ ಬರುವ ಅತಿಥಿಗಳಿವು. ಎಡಬಲದಲ್ಲಿ ಲಂಗರು ಹಾಕಿದ ಹಡಗುಗಳು, ಎಣ್ಣೆ ಇಳಿಸುವ ಜವಾಹರ ದ್ವೀಪ, ಮಂಜಿನಾಚೆ ಟ್ರಾಂಬೆಯ ಗುಡ್ಡ. ಸುಮಾರು ಒಂದು ಗಂಟೆಯಲ್ಲಿ ಹಸಿರು ಹೊದ್ದ ಎರಡು ಗುಡ್ಡಗಳು ನೀರಿನಿಂದ ಎದ್ದು ನಿಂತವು.

ದಕ್ಕೆಯಿಂದ ಗುಡ್ಡದ ಬುಡದವರೆಗೆ ಮಕ್ಕಳಾಟದಂತಹ ಪುಟ್ಟ ರೈಲು ಓಡುತ್ತದೆ. ನಾನು ನಡೆದೇ ಹೋದೆ. ಇಳಿತದ ವೇಳೆ, ನೀರು ಸರಿದು ಕೆಸರು ತೆರೆದುಕೊಂಡಿತ್ತು. ಆ ಕೆಸರಿನಲ್ಲಿ ಕಾಂಡ್ಲಾ ಮರಗಳ ಕಾಡು. ಉಪ್ಪುನೀರಿನ ಕೆಸರಿನೊಳಗೆ ಗಾಳಿಯಾಡದ ಕಾರಣ, ಇವುಗಳ ಬೇರುಗಳು ಬೆರಳುಗಳಂತೆ ಮೇಲಕ್ಕೆ ಚಾಚಿ ಉಸಿರಾಡುತ್ತವೆ. ತೆರೆಗಳ ಹೊಡೆತವನ್ನು ತಡೆದು ದಂಡೆಯ ಮಣ್ಣನ್ನು ಹಿಡಿದಿಡುವುದೂ, ಮೀನು ಸಿಗಡಿಗಳ ಮರಿಗಳಿಗೆ ತೊಟ್ಟಿಲಾಗುವುದೂ ಇವೇ. ಬಯಲುಸೀಮೆಯ ಕಣ್ಣಿಗೆ ಇದೊಂದು ವಿಸ್ಮಯ. ನಮ್ಮಲ್ಲಿ ಬೇರು ಕಂಡಿತೆಂದರೆ ಗಿಡ ಬಾಡಿತೆಂದು ಅರ್ಥ. ಇಲ್ಲಿ ಬೇರು ಹೊರಗಿರುವುದೇ ಬದುಕು.

ಸುಮಾರು 120 ಮೆಟ್ಟಿಲು. ಇಕ್ಕೆಲದಲ್ಲೂ ಮಣಿಸರ, ಕಲ್ಲಿನ ಆನೆ ಮಾರುವ ಅಂಗಡಿಗಳು. ಆನೆಗೂ ಇಲ್ಲಿಗೂ ಹಳೆಯ ನಂಟು. ಪೋರ್ಚುಗೀಸರು ಬಂದಾಗ ದಂಡೆಯ ಬಳಿ ದೊಡ್ಡದೊಂದು ಕಲ್ಲಾನೆಯಿತ್ತು. ಅದರಿಂದಲೇ ಅವರು ಎಲಿಫಂಟಾ ಎಂದು ಹೆಸರಿಟ್ಟರು. 1864ರಲ್ಲಿ ಅದನ್ನು ಇಂಗ್ಲೆಂಡಿಗೆ ಸಾಗಿಸಲು ಹೋಗಿ ಎತ್ತುವಾಗ ಬಿದ್ದು ಒಡೆಯಿತು. ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಆನೆಯನ್ನು ಇಂದಿಗೂ ಮುಂಬಯಿಯ ಜಿಜಾಮಾತಾ ಉದ್ಯಾನದಲ್ಲಿ ನೋಡಬಹುದು. ಈ ಕಥೆಯನ್ನು ಮೆಲುಕು ಹಾಕುತ್ತ ದಣಿವಾರಿಸಿಕೊಳ್ಳುತ್ತಿದ್ದಾಗ ಮಂಗವೊಂದು ಛಂಗನೆ ಹಾರಿ ನನ್ನ ರೊಟ್ಟಿಯ ಗಂಟನ್ನು ಕಿತ್ತುಕೊಂಡು ಹುಣಸೆಮರವೇರಿತು. ಅದರ ಪ್ರಸಾದ ಅದಕ್ಕೆ ಸಂದಿತೆಂದು ಮುಂದೆ ನಡೆದೆ.

ಮುಖ್ಯ ಗುಹೆಯನ್ನು ಉತ್ತರದ ಬಾಗಿಲಿನಿಂದ ಹೊಕ್ಕೊಡನೆ ಹೊರಗಿನ ಬಿಸಿಲು ಕಣ್ಣಲ್ಲೇ ಉಳಿದು, ಒಳಗೆ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲುಸಾಲು ದಪ್ಪ ಕಂಬಗಳು ಮೂಡಿದವು. ಇದು ಕಲ್ಲುಗಳನ್ನು ಜೋಡಿಸಿ ಕಟ್ಟಿದ ಗುಡಿಯಲ್ಲ. ಕರಿಯ ಬೆಟ್ಟವನ್ನೇ ಕೊರೆದು, ಬೇಡವಾದುದನ್ನು ತೆಗೆಯುತ್ತ ಹೋಗಿ ಉಳಿಸಿಕೊಂಡ ಗುಡಿ. ಕಟ್ಟುವವನು ತಪ್ಪಿದರೆ ಕಲ್ಲು ಬದಲಿಸಬಹುದು. ಕೊರೆಯುವವನು ತಪ್ಪಿದರೆ ಬದಲಿಸಲು ಬೆಟ್ಟವೇ ಇಲ್ಲ. ಕಂಬಗಳ ಸಾಲು ಹಿಡಿದು ದಕ್ಷಿಣದ ಗೋಡೆಯತ್ತ ನಡೆದಂತೆ, ಕತ್ತಲೆಯೊಳಗಿಂದ ಆ ಮುಖ ನಿಧಾನವಾಗಿ ಎದುರಾಯಿತು.

ಬರೀ ಎದೆಯವರೆಗಿನ ಮೂರ್ತಿಯೇ ಹದಿನೆಂಟು ಅಡಿಗೂ ಮಿಗಿಲು! ಜನ ಇದನ್ನು ತ್ರಿಮೂರ್ತಿಯೆಂದರೂ ಇದು ಬ್ರಹ್ಮ ವಿಷ್ಣು ಮಹೇಶ್ವರರಲ್ಲ. ಮೂರೂ ಶಿವನವೇ ಮುಖಗಳೆಂದು ವಿದ್ವಾಂಸರು ಹೇಳುತ್ತಾರೆ. ನಡುವಿನದು ಕಣ್ಣು ಮುಚ್ಚಿದ ತತ್ಪುರುಷ. ನೋಡುವವರ ಎಡಕ್ಕೆ ಮೀಸೆಯ, ಹಾವು ಹಿಡಿದ ಅಘೋರ. ಬಲಕ್ಕೆ ಗುಂಗುರು ಕೂದಲಿನ, ಕಮಲ ಹಿಡಿದ, ಹೆಣ್ಣಿನ ಕಳೆಯ ವಾಮದೇವ. ಹಿಂದಿನ ಸದ್ಯೋಜಾತ, ಮೇಲಿನ ಈಶಾನ ಕಲ್ಲಿನೊಳಗೇ ಉಳಿದಿವೆ. ಅವನ್ನು ನಾವು ಭಾವಿಸಿಕೊಳ್ಳಬೇಕು.

ಚೀಲದಿಂದ ನಮ್ಮವರ ಚಿತ್ರವನ್ನು ತೆಗೆದು ಪಕ್ಕಕ್ಕೆ ಹಿಡಿದೆ. ನಡುವಿನ ಮುಖ ಎಷ್ಟು ಚೆನ್ನಾಗಿ ಹೊಂದುತ್ತಿತ್ತು! ಆದರೆ ಒಂದು ತಪ್ಪು ಕಂಡಿತು. ಅವರು ಮೂರೂ ಮುಖಗಳನ್ನು ಒಂದೇ ಶಾಂತಿಯಲ್ಲಿ ಬರೆದಿದ್ದರು. ಇಲ್ಲಿನ ಎಡದ ಮುಖ ಹುಬ್ಬು ಗಂಟಿಕ್ಕಿದೆ, ಅದರಲ್ಲಿ ಸಿಟ್ಟಿದೆ. ಮಸುಕಾದ ಕ್ಯಾಲೆಂಡರಿನಲ್ಲಿ ಆ ಸಿಟ್ಟು ಅವರ ಕಣ್ಣಿಗೆ ಬಿದ್ದಿರಲಾರದು. ಜೀವಮಾನದಲ್ಲಿ ನನ್ನ ಮೇಲೆ ದನಿ ಎತ್ತರಿಸದ ಅವರಿಗೆ ಅದು ಕಂಡಿದ್ದರೂ ಬರೆಯುತ್ತಿದ್ದರೋ ಇಲ್ಲವೋ. ಅವರು ಬಂದು ನೋಡಬೇಕಿತ್ತು. ಪ್ರತಿ ವರ್ಷ "ಮುಂದಿನ ವರ್ಷ ನೋಡೋಣ" ಎಂದವಳು ನಾನೇ. ಆ ಮಾತು ಆ ತಂಪು ಗುಹೆಯಲ್ಲಿ ನನ್ನನ್ನು ಸುಟ್ಟಿತು. ಕಂಬಕ್ಕೊರಗಿ ಬಹಳ ಹೊತ್ತು ಕುಳಿತೆ.

ಮೂರ್ತಿಯ ಒಂದು ಪಕ್ಕಕ್ಕೆ ಗಂಗಾಧರ, ಇನ್ನೊಂದು ಪಕ್ಕಕ್ಕೆ ಅರ್ಧನಾರೀಶ್ವರ. ಒಂದು ಅರ್ಧ ನಂದಿಯ ಮೇಲೆ ಕೈಯೂರಿ ನಿಂತಿದೆ. ಇನ್ನೊಂದು ಅರ್ಧದ ಕೈಯಲ್ಲಿ ಕನ್ನಡಿ. ಬೇರೆ ಗೋಡೆಗಳಲ್ಲಿ ಶಿವಪಾರ್ವತಿಯರ ಕಲ್ಯಾಣ, ಕೈಲಾಸವನ್ನೆತ್ತುವ ರಾವಣ, ಅಂಧಕಾಸುರನ ವಧೆ. ಉತ್ತರದ ಬಾಗಿಲಲ್ಲಿ ಯೋಗೀಶ್ವರ ಮತ್ತು ನಟರಾಜ ಎದುರುಬದುರು. ಒಬ್ಬ ಅಲುಗದೆ ಕುಳಿತವನು, ಇನ್ನೊಬ್ಬ ಕುಣಿಯುವವನು. ಆದರೆ ನಟರಾಜನ ಕೈಗಳು ಮುರಿದಿವೆ, ಕಾಲುಗಳು ಮುರಿದಿವೆ. ಪೋರ್ಚುಗೀಸ್ ಸೈನಿಕರ ಗುಂಡಿನೇಟಿನ ಮಾತನ್ನು ಎಲ್ಲರೂ ಹೇಳುತ್ತಾರೆ. ನೀರಿನ ಜಿನುಗು, ಉಪ್ಪುಗಾಳಿಗಳೂ ತಮ್ಮ ಪಾಲಿನ ಹಾನಿ ಮಾಡಿವೆ. ವಿಚಿತ್ರವೆಂದರೆ, ಕೈಕಾಲು ಹೋದರೂ ಕುಣಿತ ಹೋಗಿಲ್ಲ. ಸೊಂಟದ ಬಾಗು ಒಂದರಲ್ಲೇ ತಾಂಡವವೆಲ್ಲ ಉಳಿದಿದೆ.

ಇಷ್ಟನ್ನು ಮಾಡಿದವರು ಯಾರು? ಆರನೆಯ ಶತಮಾನದ ನಡುವಿನ ಕೆಲಸವೆಂದು ಬಹುಮಟ್ಟಿಗೆ ಒಪ್ಪುತ್ತಾರೆ. ಕಳಚುರಿ ಅರಸ ಕೃಷ್ಣರಾಜನ ನಾಣ್ಯಗಳು ಇಲ್ಲಿ ದೊರೆತಿರುವುದರಿಂದ ಆ ವಂಶದ ಕಾಲದ್ದಿರಬೇಕೆಂದು ಅನೇಕರ ಊಹೆ. ಕಳಚುರಿ ಎಂದೊಡನೆ ನಮಗೆ ಕಲ್ಯಾಣದ ಬಿಜ್ಜಳನ ನೆನಪಾಗುತ್ತದೆ. ಇವರು ಅವನಿಗಿಂತ ಆರು ನೂರು ವರ್ಷ ಹಿಂದಿನ ಮಾಹಿಷ್ಮತಿಯ ಕಡೆಯವರು. ನಮ್ಮ ಐಹೊಳೆಯ 634ರ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಹಡಗುಗಳೊಡನೆ ಮುತ್ತಿದನೆಂದು ರವಿಕೀರ್ತಿ ಹೇಳುವ 'ಪುರಿ' ಇದೇ ಘಾರಾಪುರಿಯೆಂದು ಕೆಲವು ವಿದ್ವಾಂಸರ ಮತ. ಆದರೆ ಗುಹೆಯೇ ತನ್ನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಇಲ್ಲಿದ್ದ ಶಾಸನದ ಕಲ್ಲೊಂದನ್ನು ತಮ್ಮವರು ಪೋರ್ಚುಗಲ್ಲಿನ ಅರಸನಿಗೆ ಕಳಿಸಿದರೆಂದೂ, ಅದನ್ನು ಓದಬಲ್ಲವರು ಸಿಗಲಿಲ್ಲವೆಂದೂ ಪೋರ್ಚುಗೀಸ್ ಇತಿಹಾಸಕಾರ ಡಿಯೋಗೊ ದೊ ಕೌಟೊ ಬರೆದಿದ್ದಾನೆ. ಆ ಕಲ್ಲು ಕಳೆದೇಹೋಯಿತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿ ಉಳಿದಿದೆ. ಘಾರಾಪುರಿಯ ಉಳಿಯವರ ಹೆಸರು ಒಂದೂ ಇಲ್ಲ.

ಗುಹೆಯ ಪಶ್ಚಿಮ ಭಾಗದಲ್ಲಿ ಲಿಂಗದ ಗರ್ಭಗುಡಿಯಿದೆ. ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲು, ಬಾಗಿಲಿಗಿಬ್ಬರಂತೆ ಎಂಟು ದ್ವಾರಪಾಲಕರು. ಯಾವ ಕಡೆಯಿಂದ ಬಂದವರಿಗೂ ತೆರೆದದ್ದು. ಕಟ್ಟಿದ್ದೆಲ್ಲ ಒಂದು ದಿನ ಬೀಳುವುದೆಂಬ ಮಾತು ಕೇಳುತ್ತ ಬೆಳೆದವಳು ನಾನು. ಮುರಿದ ಆ ಕೈಕಾಲುಗಳನ್ನು ಕಂಡ ಮೇಲೆ ಅದು ಇನ್ನಷ್ಟು ದಿಟವೆನಿಸಿತು. ಆದರೂ ಹೆಸರು ಕೆತ್ತದೆ, ತಪ್ಪದೆ, ದಿನದ ಕೆಲಸ ಮುಗಿಸಿ ಮನೆಗೆ ಹೋದ ಆ ಸಾವಿರ ಕೈಗಳ ಕಾಯಕ ಕಣ್ಣಮುಂದೆ ಉಸಿರಾಡುತ್ತಿತ್ತು. ನಮ್ಮವರು ಹೇಳಿದ ಮಾತಿನ ಅರ್ಥ ಆಗ ಹೊಳೆಯಿತು. ಕೊರಳಿನ ಕರಡಿಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ.

ಹೊರಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಕೈರಿ, ಸೌತೆಕಾಯಿ ಮಾರುತ್ತಿದ್ದ ಊರಿನ ಹೆಣ್ಣುಮಗಳೊಬ್ಬಳು ಮಂಗದ ಕಥೆ ಕೇಳಿ ನಕ್ಕು, ತನ್ನ ಬುತ್ತಿಯ ಅಕ್ಕಿರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. "ಒಬ್ಬರೇ ಬಂದಿರಾ, ಮಾವಶಿ?" ಎಂದಳು. "ಹೌದು ತಾಯಿ" ಎಂದೆ. ಮುಂಬಯಿಯ ದೀಪಗಳನ್ನು ದಿನವೂ ನೋಡುತ್ತಿದ್ದ ಈ ನಡುಗಡ್ಡೆಗೆ ಪೂರ್ಣ ವಿದ್ಯುತ್ ಬಂದದ್ದು 2018ರಲ್ಲಿ, ಸಮುದ್ರದಡಿ ಏಳೂವರೆ ಕಿಲೋಮೀಟರು ಕೇಬಲ್ ಹಾಸಿದ ಮೇಲೆ. ಅದಕ್ಕೆ ಮೊದಲು ರಾತ್ರಿ ಕೆಲವೇ ಗಂಟೆ ಜನರೇಟರಿನ ಬೆಳಕು. "ನಾನು ದೀಪದ ಬುಡ್ಡಿಯಲ್ಲೇ ಓದಿದ್ದು, ಮಗಳು ಈಗ ಬಲ್ಬಿನ ಕೆಳಗೆ ಓದುತ್ತಾಳೆ" ಎಂದಳು ಅವಳು ಹೆಮ್ಮೆಯಿಂದ.

ಇಳಿಹೊತ್ತಿನಲ್ಲಿ ಎರಡು ಹಳೆಯ ಫಿರಂಗಿಗಳಿರುವ ಗುಡ್ಡದ ನೆತ್ತಿಯನ್ನು ಹತ್ತಿದೆ. ಮಾವು, ಹುಣಸೆ, ಹೊಂಗೆಗಳ ನೆರಳಿನ ದಾರಿ. ಮೇಲಿನಿಂದ ಒಂದೆಡೆ ನ್ಹಾವಾ ಶೇವಾ ಬಂದರಿನ ಎತ್ತರದ ಯಂತ್ರಗಳು. ಉತ್ತರಕ್ಕೆ 2024ರ ಜನವರಿಯಲ್ಲಿ ತೆರೆದ, ಸುಮಾರು 22 ಕಿಲೋಮೀಟರು ಉದ್ದದ ಅಟಲ್ ಸೇತುವೆ. ಕೆಳಗೆ ಭರತದ ನೀರು ಮೇಲೇರಿ ಕಾಂಡ್ಲಾ ಬೇರುಗಳನ್ನು ಒಂದೊಂದಾಗಿ ಮುಚ್ಚುತ್ತಿತ್ತು. ಎಷ್ಟು ಕಾಲದ ಕೈಕೆಲಸ ಒಂದೇ ನೋಟದಲ್ಲಿ!

ಹೋಗಬಯಸುವ ಬಂಧುಗಳಿಗೆ ಎರಡು ಮಾತು. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ದೋಣಿಗಳ ಭರವಸೆಯಿಲ್ಲ. ಪ್ರವಾಸಿಗರಿಗೆ ಅಲ್ಲಿ ರಾತ್ರಿ ತಂಗಲು ಅವಕಾಶವಿಲ್ಲವಾದ್ದರಿಂದ ಸಂಜೆಯ ದೋಣಿ ತಪ್ಪಿಸಿಕೊಳ್ಳಬಾರದು. ಬುತ್ತಿಯನ್ನು ಮಂಗಗಳ ಕಣ್ಣಿಗೆ ಬೀಳದಂತೆ ಒಯ್ಯಬೇಕು. ಎಲ್ಲಕ್ಕೂ ಮಿಗಿಲಾಗಿ, ಮುಂದಿನ ವರ್ಷ ನೋಡೋಣ ಎನ್ನಬಾರದು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸೊಸೆ ಬಾಗಿಲಲ್ಲೇ ನಿಂತಿದ್ದಳು. ಚಿತ್ರವನ್ನು ಮೇಜಿನ ಮೇಲಿಟ್ಟಾಗ ಮೊಮ್ಮಗ ತಿರುವಿ ಮುರುವಿ ನೋಡಿ, "ಆಯಿ, ಇದನ್ನ ಯಾರು ತೆಗೆದದ್ದು? ಹೆಸರೇ ಇಲ್ಲ" ಎಂದ. "ನಿಮ್ಮ ಮುತ್ಯಾ" ಎಂದೆ. ಅವನು ಬಣ್ಣದ ಪೆಟ್ಟಿಗೆಯಿಂದ ಪೆನ್ಸಿಲು ಹುಡುಕಿ ತಂದು ನನ್ನ ಕೈಗೆ ಕೊಟ್ಟ. ನಾನು ಅದನ್ನು ಅವನಿಗೇ ಹಿಂದಿರುಗಿಸಿ, ಪಕ್ಕದಲ್ಲೊಂದು ಖಾಲಿ ಹಾಳೆಯನ್ನು ಇಟ್ಟೆ. ಎಡದ ಮುಖ ಹೇಗಿತ್ತೆಂದು ಅವನಿಗೆ ಹೇಳತೊಡಗಿದೆ.