ಜಾರಬೇಕು, ಹಿಡಿಯಲೂ ಬೇಕು

ಡಬ್ಬಿಯ ಮೇಲೆ ‘ಜಿಎಲ್-4/ಜಿಎಲ್-5’ ಎಂದು ಎರಡು ದರ್ಜೆಗಳನ್ನೂ ಒಟ್ಟಿಗೆ ಅಚ್ಚುಹಾಕಿ ಮಾರುವ ಗೇರ್ ಆಯಿಲ್ ಕಂಡರೆ ಮೈ ಉರಿಯುತ್ತದೆ. ವೆಜ್ಜು, ನಾನ್‌ವೆಜ್ಜು ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆಸಿದ ಹೋಟೆಲಿನ ಒಳಗೆ ಎರಡು ಅಡುಗೆಮನೆಗಳಾದರೂ ಇದ್ದಾವು. ಈ ಡಬ್ಬಿಯೊಳಗೆ ಇರುವುದು ಒಂದೇ ಎಣ್ಣೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದ ಕಾಲದಿಂದಲೂ ಎಣ್ಣೆಯೆಂದರೆ ಜಾರಿಸುವ ವಸ್ತು, ಹೆಚ್ಚು ಜಾರಿದಷ್ಟೂ ಒಳ್ಳೆಯದು ಎಂಬುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಗಾಡಿಯ ಮಟ್ಟಿಗೆ ಅದು ಪೂರ್ತಿ ನಿಜ. ಕೈಯಿಂದ ಗೇರು ಬದಲಿಸುವ ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಅರ್ಧ ನಿಜ, ಉಳಿದರ್ಧ ಅಪಾಯ.

ಎರಡರಿಂದ ಮೂರಕ್ಕೆ ಗೇರ್ ಲಿವರ್ ತಳ್ಳಿದಾಗ ಮೊದಲು ಒಂದನ್ನೊಂದು ಮುಟ್ಟುವುದು ಹಲ್ಲುಗಳಲ್ಲ. ಹಿತ್ತಾಳೆಯ ಉಂಗುರವೊಂದು ಉಕ್ಕಿನ ಶಂಕುವಿನ ಮೇಲೆ ಒತ್ತಿ ಕೂರುತ್ತದೆ. ಉಂಗುರದ ಒಳಮೈಯಲ್ಲಿ ಸಣ್ಣ ಗೀರುಗಳಿವೆ. ನಡುವೆ ಸಿಕ್ಕಿಕೊಂಡ ಎಣ್ಣೆಯ ಪೊರೆಯನ್ನು ಕತ್ತರಿಸಿ ಆಚೆ ತಳ್ಳುವುದು ಅವುಗಳ ಕೆಲಸ. ಪೊರೆ ಹೋದ ಕ್ಷಣ ಲೋಹ ಲೋಹವನ್ನು ಹಿಡಿಯುತ್ತದೆ, ಎರಡರ ವೇಗವೂ ಒಂದಾಗುತ್ತದೆ, ಆಮೇಲಷ್ಟೇ ಹಲ್ಲು ಹಲ್ಲಿಗೆ ಕೂರುತ್ತದೆ. ಪೊರೆ ಹೋಗದಿದ್ದರೆ ಕರ್ರ್ ಎಂಬ ಸದ್ದು. ಗರಡಿಯಲ್ಲಿ ಎದುರಾಳಿಯ ಮೈ ಜಾರುತ್ತಿದ್ದರೆ ಪೈಲ್ವಾನ ಹಿಡಿ ಮಣ್ಣು ತೆಗೆದು ಅವನಿಗೆ ಎರಚುವುದು ಸುಮ್ಮನೆ ಅಲ್ಲ. ಹಿಡಿತವಿಲ್ಲದೆ ಪಟ್ಟು ಹಾಕಲಾಗದು. ಹಾಗಾಗಿ ಗೇರ್‌ಬಾಕ್ಸಿನ ಎಣ್ಣೆ ಹಲ್ಲುಗಳ ನಡುವೆ ಜಾರಿಸಬೇಕು, ಅಲ್ಲಿಂದ ಎರಡು ಬೆರಳಿನಾಚೆ ಉಂಗುರದ ಬಳಿ ಹಿಡಿಯಗೊಡಬೇಕು. ನನ್ನ ವಾದವೆಲ್ಲ ಇಷ್ಟೇ: ಎಣ್ಣೆಯನ್ನು ಆರಿಸಬೇಕಾದ್ದು ಈ ಉಂಗುರಕ್ಕಾಗಿ.

ಗೊಂದಲದ ಮೂಲ ಅಮೆರಿಕದ ಎರಡು ಹೊಸತುಗಳಲ್ಲಿದೆ. 1920ರ ದಶಕದ ಉತ್ತರಾರ್ಧದಲ್ಲಿ ಪ್ಯಾಕರ್ಡ್ ಕಂಪನಿ ಹಿಂದಿನ ಆಕ್ಸಲಿಗೆ ಹೈಪಾಯ್ಡ್ ಹಲ್ಲುಗಳನ್ನು ತಂದಿತು; 1928ರಲ್ಲಿ ಕ್ಯಾಡಿಲಾಕ್ ಗೇರ್‌ಬಾಕ್ಸಿಗೆ ಹೀಗೆ ವೇಗ ಒಂದುಮಾಡುವ ಸಿಂಕ್ರೊಮೆಶ್ ತಂದಿತು. ಹೈಪಾಯ್ಡಿನಲ್ಲಿ ಸಣ್ಣ ಚಕ್ರ ದೊಡ್ಡದರ ನಡುಮಟ್ಟಕ್ಕಿಂತ ಕೆಳಗೆ ಕೂರುವುದರಿಂದ ಕಾರನ್ನು ತಗ್ಗಿಸಬಹುದು, ಆದರೆ ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಉಜ್ಜಿಕೊಳ್ಳುತ್ತವೆ. ಆ ಉಜ್ಜಾಟದಲ್ಲಿ ಉಕ್ಕನ್ನು ಕಾಯುವುದು ಎಣ್ಣೆಗೆ ಬೆರೆಸಿದ ಗಂಧಕ, ರಂಜಕದ ಮದ್ದು. ಮುಚ್ಚಳ ತೆಗೆದೊಡನೆ ಮೂಗಿಗೆ ಹೊಡೆಯುವ ಆ ವಾಸನೆ ಅದರದೇ. ಜಿಎಲ್-5 ಹುಟ್ಟಿದ್ದು ಆ ಆಕ್ಸಲಿಗಾಗಿ. ಜಿಎಲ್-4ರಲ್ಲಿ ಮದ್ದು ಸುಮಾರು ಅರ್ಧ. ನಾಲ್ಕಕ್ಕಿಂತ ಐದು ದೊಡ್ಡದು ಎಂಬ ಒಂದನೇ ಕ್ಲಾಸಿನ ಲೆಕ್ಕ ಹಾಕಿ ಐದನ್ನೇ ಸುರಿಯುವವರಿಗೆ ಏನು ಹೇಳುವುದು? ಚಪ್ಪಲಿಯಲ್ಲೂ ಒಂಬತ್ತನೇ ಸೈಜು ಎಂಟಕ್ಕಿಂತ ದೊಡ್ಡದೇ.

ಇವರ ಎದುರು ಪಂಗಡವೂ ಕಮ್ಮಿ ಇಲ್ಲ. ಜಿಎಲ್-5 ಹಿತ್ತಾಳೆಯನ್ನು ತಿಂದುಹಾಕುತ್ತದೆ ಎಂಬುದು ಅವರ ಮಂತ್ರ. ಹಳೆಯ ಕಾಲದ ಚುರುಕು ಗಂಧಕದ ಎಣ್ಣೆಗಳ ಬಗ್ಗೆ ಈ ಭಯಕ್ಕೆ ಆಧಾರವಿತ್ತು. ಇಂದಿನ ಮದ್ದು ಬಹಳ ಮೆತ್ತಗಾಗಿದೆ. ಇದನ್ನು ಅಳೆಯುವ ಪರೀಕ್ಷೆ ನೋಡಲಿಕ್ಕೆ ಚೆಂದ: ತಿಕ್ಕಿ ಹೊಳಪಿಸಿದ ತಾಮ್ರದ ಪಟ್ಟಿಯನ್ನು 121 ಡಿಗ್ರಿಗೆ ಕಾಯಿಸಿದ ಎಣ್ಣೆಯಲ್ಲಿ ಮೂರು ಗಂಟೆ ಮುಳುಗಿಸಿಟ್ಟು, ತೆಗೆದು, ಬಣ್ಣ ನೋಡುತ್ತಾರೆ. ಒಂದನೇ ದರ್ಜೆಯೆಂದರೆ ತುಸು ಮಾಸಿದೆ. ಮೂರನೆಯದರಲ್ಲಿ ನವಿಲುಗರಿಯ ಕೆಂಪು, ಹಸಿರು ಕಾಣತೊಡಗುತ್ತವೆ. ನಾಲ್ಕೆಂದರೆ ಲೋಹ ಕೆಟ್ಟು ಕಪ್ಪಾಗಿದೆ. ಜಿಎಲ್-5ಕ್ಕೆ ಮೂರರವರೆಗೆ ಮಾಫಿ. ಅಂದರೆ ತಿಂದುಹಾಕುತ್ತದೆ ಎಂಬುದೂ ಸುಳ್ಳು, ಏನೂ ಮಾಡುವುದಿಲ್ಲ ಎಂಬುದೂ ಸುಳ್ಳು. ನನಗೆ ಸಿಟ್ಟು ತರಿಸುವುದು ಬೇರೆಯೇ. ಇಬ್ಬರೂ ಜಗಳವಾಡುವುದು ಲೋಹ ಉಳಿಯಿತೇ ಎಂದು. ಉಂಗುರ ಹಿಡಿಯಿತೇ ಎಂದು ಕೇಳುವವರಿಲ್ಲ. ಜಿಎಲ್ ದರ್ಜೆಗಳಲ್ಲಿ ಸಿಂಕ್ರೊ ಉಂಗುರದ ಹಿಡಿತ ಅಳೆಯುವ ಪರೀಕ್ಷೆಯೇ ಇಲ್ಲ. ಸಾಲದ್ದಕ್ಕೆ, ಜಿಎಲ್-4ನ್ನು ಮೂಲದಲ್ಲಿ ಪರೀಕ್ಷಿಸುತ್ತಿದ್ದ ಯಂತ್ರಗಳಲ್ಲಿ ಕೆಲವು ಈಗ ಸಿಗುವುದೂ ಇಲ್ಲ. ಇಂಥ ಎರಡು ಅಕ್ಷರ ಹಿಡಿದುಕೊಂಡು ಜನ ಮಾತು ಬಿಡುವಷ್ಟು ಕಾದಾಡುತ್ತಾರೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5, ಗೇರ್ ಬದಲಿಸುವ ಸುಖಕ್ಕೇ ಹೆಸರಾದ ಪುಟ್ಟ ಕಾರು. ಅದರ ಕೈಪಿಡಿಯೇ ಜಿಎಲ್-4 ಅಥವಾ ಜಿಎಲ್-5, 75ಡಬ್ಲ್ಯು-90 ಎನ್ನುತ್ತದಲ್ಲ? ಎನ್ನುತ್ತದೆ, ನಿಜ. ಆದರೆ ಕೈಪಿಡಿ ಕೊಡುವುದು ಅನುಮತಿ, ಶಿಫಾರಸಲ್ಲ. ಇದನ್ನು ಹಾಕಿದರೆ ಗೇರ್‌ಬಾಕ್ಸ್ ಹಾಳಾಗದು ಎಂದಷ್ಟೇ ಅರ್ಥ. ಮುಂಜಾನೆ ತಣ್ಣಗಿರುವಾಗ ಎರಡನೇ ಗೇರು ಬೆಣ್ಣೆಯಂತೆ ಬೀಳುತ್ತದೋ ಮೊಂಡು ಹಿಡಿಯುತ್ತದೋ ಎಂಬುದು ಅದರ ತಲೆನೋವಲ್ಲ. ಅಲ್ಲದೆ ಈ ಕಾರಿನಲ್ಲಿ ಹೈಪಾಯ್ಡ್ ಹಲ್ಲುಗಳು ಹಿಂದೆ, ಡಿಫರೆನ್ಷಿಯಲ್ ಎಂಬ ಬೇರೆ ಡಬ್ಬಿಯಲ್ಲಿ, ಬೇರೆ ಎಣ್ಣೆಯಲ್ಲಿವೆ. ಆಕ್ಸಲಿನ ಮದ್ದನ್ನು ಮುಂದಿನ ಡಬ್ಬಿಗೆ ಕುಡಿಸುವ ಅಗತ್ಯವೇ ಇಲ್ಲ. ಪೋರ್ಷೆ 911ರವರ ಕಷ್ಟ ಬೇರೆ: ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡೂ ಒಂದೇ ಗೂಡಿನಲ್ಲಿ, ಒಂದೇ ಎಣ್ಣೆಯಲ್ಲಿ. ಅವರು ರಾತ್ರಿಯಿಡೀ ವಾದಿಸಲಿ, ಕ್ಷಮಿಸೋಣ. ಎಂಎಕ್ಸ್-5ರವರಿಗೆ ಆ ನೆಪವಿಲ್ಲ. ಅದರಲ್ಲೂ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲಿಗೆಂದೇ ಇನ್ನಷ್ಟು ಜಾರಿಕೆ ಬೆರೆಸಿದ ಎಣ್ಣೆಯನ್ನು, ದುಬಾರಿ ಎಂಬ ಒಂದೇ ಕಾರಣಕ್ಕೆ ಗೇರ್‌ಬಾಕ್ಸಿಗೆ ಸುರಿಯುವವರನ್ನು ದೇವರೇ ಕಾಯಬೇಕು.

ಇನ್ನು ‘90’ರ ಭ್ರಮೆ. ನಮ್ಮ ಗ್ಯಾರೇಜುಗಳಲ್ಲಿ ಗೇರ್ ಆಯಿಲಿಗೆ ‘ನೈಂಟಿ ಆಯಿಲ್’ ಎಂದೇ ಹೆಸರು, ಎಂಜಿನ್ನಿನ 40ಕ್ಕಿಂತ ದುಪ್ಪಟ್ಟು ಗಟ್ಟಿ ಎಂಬ ನಂಬಿಕೆಯೂ ಜೊತೆಗೇ. ಇವೆರಡು ಬೇರೆ ಬೇರೆ ಅಳತೆಗೋಲುಗಳು. 100 ಡಿಗ್ರಿಯಲ್ಲಿ ಗೇರಿನ 90 ಎಂದರೆ 13.5ರಿಂದ 18.5 ಸೆಂಟಿಸ್ಟೋಕ್ಸ್, ಎಂಜಿನ್ನಿನ 40 ಎಂದರೆ 12.5ರಿಂದ 16.3. ಅಕ್ಕಪಕ್ಕದ ಮನೆಯವರು! ಹೋಂಡಾ ಕಂಪನಿ ತನ್ನ ಗೇರ್ ಆಯಿಲ್ ಸಿಗದಿದ್ದರೆ ತಾತ್ಕಾಲಿಕವಾಗಿ 10ಡಬ್ಲ್ಯು-30 ಎಂಜಿನ್ ಆಯಿಲ್ ಹಾಕಿ ಎಂದು ಕೈಪಿಡಿಯಲ್ಲೇ ಬರೆಯುತ್ತಿತ್ತು. ಕಾರಣ ಮತ್ತೆ ಉಂಗುರವೇ: ತೆಳು ಎಣ್ಣೆಯ ಪೊರೆ ಬೇಗ ಕತ್ತರಿಸಿಹೋಗುತ್ತದೆ. ಹಾಗೆಂದು ಮೂರು ಡಬ್ಬಿ ತಂದು, ಅಳತೆ ಲೋಟ ಹಿಡಿದು ಸ್ವಂತ ಕಷಾಯ ಕಾಸುವವರನ್ನು ನಾನು ಬೆಂಬಲಿಸಲಾರೆ. ಅದರಿಂದ ಸುಧಾರಿಸಿದ್ದು ಗೇರೋ ಅವರ ಮನಸ್ಸೋ ಎಂದು ಹೇಳುವುದು ಕಷ್ಟ. ಹಳೆಯ ಎಣ್ಣೆ ತೆಗೆದು ಹೊಸದು ಹಾಕಿದ ವಾರ ಯಾವ ಬ್ರ್ಯಾಂಡಾದರೂ ಅಮೃತವೇ.

ಎಣ್ಣೆಯನ್ನು ಬೈಯುವ ಮೊದಲು ನೋಡಬೇಕಾದ ಜಾಗವೊಂದಿದೆ. ಹಳೆಯ ಎಂಎಕ್ಸ್-5ರ ಐದು ಗೇರಿನ ಪೆಟ್ಟಿಗೆಯಲ್ಲಿ ಹಿಡಿಯುವುದು ಎರಡು ಲೀಟರು. ಅದಲ್ಲದೆ ಗೇರ್ ಲಿವರಿನ ಬುಡದಲ್ಲಿ ಒಂದು ಪುಟ್ಟ ಬಟ್ಟಲಿದೆ, ಅದಕ್ಕೆ ಬೇರೆಯಾಗಿ ಒಂದು ಸಣ್ಣ ಲೋಟದಷ್ಟು, ಸುಮಾರು 80 ಮಿಲಿಲೀಟರು. ಕೆಳಗಿನ ಪೆಟ್ಟಿಗೆಗೆ ಎಷ್ಟು ಸುರಿದರೂ ಈ ಬಟ್ಟಲು ತುಂಬದು. ಮೇಲಿನ ರಬ್ಬರ್ ಹೊದಿಕೆ ಹಳೆಯದಾಗಿ ಸೀಳುತ್ತದೆ, ಎಣ್ಣೆ ಒಣಗುತ್ತದೆ, ಲಿವರ್ ಆಡಿಸಿದರೆ ಮುದ್ದೆಕೋಲಿನಿಂದ ಹಿಟ್ಟು ತೊಳಸಿದಂತಾಗುತ್ತದೆ. ಕಾರಿನ ಯಜಮಾನ ಆಗಲೂ ಅಂಗಡಿಯ ಶೆಲ್ಫಿನ ಮುಂದೆ ನಿಂತು, ನಾಲ್ಕೋ ಐದೋ ಎಂದು ಡಬ್ಬಿ ತಿರುಗಿಸಿ ನೋಡುತ್ತಿರುತ್ತಾನೆ.