ತೇಜಿ ಬಾರದ ಮಂದಿ

ನಮ್ಮ ಹುನ್ನೂರಿನಲ್ಲಿ ‘ಮಂದಿ’ ಎಂದರೆ ಜನ. ಪೇಟೆಯಲ್ಲಿ ಅದೇ ಶಬ್ದಕ್ಕೆ ವ್ಯಾಪಾರದ ಇಳಿತವೆಂಬ ಅರ್ಥ. ತೇಜಿಯ ಬೆನ್ನಿಗೆ ಮಂದಿ, ಮಂದಿಯ ಬೆನ್ನಿಗೆ ತೇಜಿ. ಇದು ಪೇಟೆಯವರ ನಂಬಿಕೆ.

ಬನಹಟ್ಟಿಯಲ್ಲಿ ಮಗ್ಗ ಹಾಕಿಕೊಂಡ ನನ್ನ ಸೋದರಮಾವನ ನಂಬಿಕೆಯೂ ಅದೇ. 2016ರ ನೋಟುರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್, ಪ್ರತಿ ಸಲವೂ ಅವನದು ಒಂದೇ ಮಾತು: “ಮಂದಿ ಐತಿ ಅಳಿಯಾ, ಹೋಗತೈತಿ.” ಆ ಧೈರ್ಯದ ಮೇಲೆ ಸಾಲ ಮಾಡಿ ನೂಲು ತಂದ. ನೇಯ್ದ ಸೀರೆ ಮನೆಯಲ್ಲೇ ಉಳಿಯಿತು. ಕಡೆಗೆ ನಾಲ್ಕು ಮಗ್ಗಗಳಲ್ಲಿ ಎರಡು, ತೂಕದ ಲೆಕ್ಕದಲ್ಲಿ, ಗುಜರಿಗೆ ಹೋದವು.

ದೇಶದ ಉತ್ಪನ್ನ ಸತತವಾಗಿ ಎರಡು ತ್ರೈಮಾಸಿಕ ಕುಗ್ಗಿದರೆ ‘ಹಿಂಜರಿತ’ ಎನ್ನುವುದು ರೂಢಿ. 2020ರಲ್ಲಿ ಹಾಗೆಯೇ ಆಯಿತು. ಮೂರನೆಯ ತ್ರೈಮಾಸಿಕಕ್ಕೆ ಲೆಕ್ಕ ಮತ್ತೆ ಮೇಲೆದ್ದಿತು. ‘ಕುಸಿತ’ಕ್ಕೆ ಮಾತ್ರ ಎಲ್ಲರೂ ಒಪ್ಪಿದ ಅಳತೆಯಿಲ್ಲ. 1933ರಲ್ಲಿ ಅಮೆರಿಕದ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಆ ಕಾಲ ‘ಮಹಾಕುಸಿತ’ವೆನಿಸಿತು. ನಮ್ಮ ದೇಶಕ್ಕೆ ಅಷ್ಟು ಭಾರದ ಹೆಸರು ಬೇಡ, ಒಪ್ಪಿದೆ. ಆದರೆ ವರ್ಷಗಟ್ಟಲೆ ಮೇಲೇಳದ ಒಂದು ಕಸಬಿಗೆ, ಒಂದು ಓಣಿಗೆ?

ಇದು ಬರಿಯ ಶಬ್ದದ ಜಗಳವಲ್ಲ. ‘ಮಂದಿ’ ಎಂದವನು ತೇಜಿಗಾಗಿ ಕಾಯುತ್ತಾನೆ, ಸಾಲ ಮಾಡುತ್ತಾನೆ. ‘ಕುಸಿತ’ ಎಂದವನು ಕೈ ಹಿಡಿದು ಖರ್ಚು ಮಾಡಿ ಬೇರೆ ದಾರಿ ನೋಡುತ್ತಾನೆ. ಸರಕಾರವನ್ನೂ ಗಟ್ಟಿಯಾಗಿ ಕೇಳುತ್ತಾನೆ.

ಇದನ್ನೆಲ್ಲ ಮಾವನ ಮುಂದೆ ಹೇಳಿದೆ. ಉಳಿದ ಮಗ್ಗದ ಧೂಳು ಒರೆಸುತ್ತಿದ್ದವನು ಕೈ ನಿಲ್ಲಿಸಿದ.

“ಮೊದಲ ಯಾಕ ಹೇಳಲಿಲ್ಲಪಾ?”

ಆಗೆಲ್ಲ ನಾನೂ ‘ಹೋಗತೈತಿ ಮಾವಾ’ ಎಂದೇ ತಲೆಯಾಡಿಸಿ ಬಂದಿದ್ದೆ.